ಔಷಧಿ ಬಿಲ್ಲಿನಲ್ಲಿ ನಿಮ್ಮ ಕೈಯಿಂದ ಹೋಗುವುದೆಷ್ಟು? ಮುಂಬಯಿ ಕನ್ನಡಿಗರಿಗೆ ಆರೋಗ್ಯ ವಿಮೆಯ ಸಮಗ್ರ ಮಾರ್ಗದರ್ಶಿ

ಪಾಲಿಸಿ ಇರುವುದು ಐದು ಲಕ್ಷಕ್ಕೆ, ಆಸ್ಪತ್ರೆಯ ಬಿಲ್ಲು ಬಂದಿದ್ದು ಒಂದೂವರೆ ಲಕ್ಷ. ಆದರೂ ಡಿಸ್ಚಾರ್ಜ್ ದಿನ ಐವತ್ತು ಸಾವಿರಕ್ಕಿಂತ ಜಾಸ್ತಿ ಕೈಯಿಂದ ಕಟ್ಟಬೇಕಾಯಿತು. ಡೊಂಬಿವಲಿಯಿಂದ ಮೀರಾ ರೋಡ್‌ವರೆಗೆ ನಮ್ಮವರ ಮನೆಗಳಲ್ಲಿ ಈ ದೂರು ಕೇಳಿ ಕೇಳಿ ಸಾಕಾಗಿದೆ. ಕಂಪನಿಯವರು ಮೋಸ ಮಾಡಿದರು ಅನ್ನುತ್ತಾರೆ. ಕೆಲವು ಸಲ ಅದು ನಿಜ. ಹೆಚ್ಚಿನ ಸಲ ಪಾಲಿಸಿಯಲ್ಲಿ ಬರೆದಿದ್ದನ್ನೇ ಹಿಡಿದಿರುತ್ತಾರೆ, ಅದನ್ನು ಮನೆಯಲ್ಲಿ ಯಾರೂ ಓದಿರುವುದಿಲ್ಲ.

ಔಷಧಿ ವಿಷಯದಲ್ಲಂತೂ ಗೊಂದಲ ಇನ್ನೂ ಜಾಸ್ತಿ. ಮಾತ್ರೆ ಅದೇ, ಬೆಲೆಯೂ ಅದೇ. ಅಡ್ಮಿಟ್ ಆಗಿದ್ದಾಗ ಕೊಟ್ಟರೆ ವಿಮೆಯಿಂದ ಹಣ ಬರುತ್ತದೆ. ಮನೆಗೆ ಬಂದ ಮೇಲೆ ಪಾಲಿಸಿ ಹೇಳಿದ 60 ದಿನದೊಳಗೆ ಕೊಂಡರೂ ಬರುತ್ತದೆ. 61ನೇ ದಿನ ಕೊಂಡರೆ ಬಿಡಿಗಾಸೂ ಇಲ್ಲ. ಹಾಗಾಗಿ ಯಾರಾದರೂ ಫೈಲು ಹಿಡಿದುಕೊಂಡು ಬಂದರೆ ನಾನು ಔಷಧಿಯ ಹೆಸರು ಆಮೇಲೆ ನೋಡುತ್ತೇನೆ. ಎಲ್ಲಿ ಕೊಂಡಿದ್ದು, ಯಾವ ತಾರೀಖು, ಮೊದಲು ಇವೆರಡು. ನಿಮ್ಮ ಲೆಕ್ಕವೂ ಅಲ್ಲಿಂದಲೇ ಶುರುವಾಗಲಿ.

1. ಬಿಲ್ಲುಗಳನ್ನು ನಾಲ್ಕು ಗುಡ್ಡೆ ಮಾಡಿ

ಮನೆಯಲ್ಲಿರುವ ಔಷಧಿ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂರಿ. ಆಸ್ಪತ್ರೆಗೆ ಸೇರುವ ಮುಂಚಿನವು ಒಂದು ಗುಡ್ಡೆ. ಸಾಮಾನ್ಯವಾಗಿ ಅಡ್ಮಿಟ್ ಆಗುವ ಹಿಂದಿನ 30 ದಿನದಲ್ಲಿ ಕೊಂಡ ಔಷಧಿ, ಮಾಡಿಸಿದ ಟೆಸ್ಟುಗಳಿಗೆ ಹಣ ಸಿಗುತ್ತದೆ. ಕೆಲವು ಪಾಲಿಸಿಗಳು 60 ದಿನ ಕೊಡುತ್ತವೆ. ಆಸ್ಪತ್ರೆಯಲ್ಲಿ ಇದ್ದಾಗಿನವು ಎರಡನೇ ಗುಡ್ಡೆ. ಡಿಸ್ಚಾರ್ಜ್ ಆದ ಮೇಲಿನವು ಮೂರನೆಯದು. ಇಲ್ಲಿ ಸಾಮಾನ್ಯ ಗಡುವು 60 ದಿನ, 90 ಅಥವಾ 180 ದಿನ ಕೊಡುವ ಪಾಲಿಸಿಗಳೂ ಇವೆ. ಬಿಪಿ, ಶುಗರ್, ಥೈರಾಯ್ಡ್ ಅಂತ ತಿಂಗಳು ತಿಂಗಳು ತರುವ ಮಾತ್ರೆಗಳು ನಾಲ್ಕನೇ ಗುಡ್ಡೆ. ಸಾಮಾನ್ಯ ಪಾಲಿಸಿಯಲ್ಲಿ ಈ ನಾಲ್ಕನೆಯದಕ್ಕೆ ಏನೂ ಸಿಗುವುದಿಲ್ಲ.

ಮೊದಲನೆಯ ಮತ್ತು ಮೂರನೆಯ ಗುಡ್ಡೆಗೆ ಒಂದು ಷರತ್ತಿದೆ. ಯಾವ ಕಾಯಿಲೆಗೆ ಅಡ್ಮಿಟ್ ಆದರೋ ಅದೇ ಕಾಯಿಲೆಯ ಔಷಧಿ ಆಗಿರಬೇಕು. ನ್ಯುಮೋನಿಯಾಗೆ ಅಡ್ಮಿಟ್ ಆದ ಮಾವನವರ ಬಿಲ್ಲಿನಲ್ಲಿ ಹತ್ತು ವರ್ಷದಿಂದ ನುಂಗುತ್ತಿರುವ ಬಿಪಿ ಮಾತ್ರೆಯೂ ಸೇರಿದ್ದರೆ ಅದನ್ನು ಗೆರೆ ಎಳೆದು ತೆಗೆಯುತ್ತಾರೆ. ಹಾಗಾಗಿ ಮೆಡಿಕಲ್‌ನಲ್ಲಿ ಕೊಳ್ಳುವಾಗಲೇ ಎರಡು ಬಿಲ್ಲು ಮಾಡಿಸಿ. ಒಂದೇ ಬಿಲ್ಲಿನಲ್ಲಿ ಎಲ್ಲ ಕಲಸಿದರೆ ಕ್ಲೇಮ್ ನೋಡುವವರಿಗೂ ತಲೆನೋವು, ನಿಮ್ಮ ಹಣವೂ ತಡ.

2. ಪಾಲಿಸಿಯಲ್ಲಿ ಇವನ್ನು ಹುಡುಕಿ

ನಲವತ್ತು ಪುಟದ ಪಾಲಿಸಿಯನ್ನು ಯಾರೂ ಓದುವುದಿಲ್ಲ, ನಾನೂ ಓದಿ ಎಂದು ಹೇಳುವುದಿಲ್ಲ. ಅದರ ಜೊತೆ ಕಸ್ಟಮರ್ ಇನ್ಫರ್ಮೇಷನ್ ಶೀಟ್ ಅಂತ ಕೆಲವೇ ಪುಟಗಳ ಹಾಳೆ ಇರುತ್ತದೆ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಜನವರಿಯಿಂದ ಅದಕ್ಕೆ ಹೊಸ ನಮೂನೆ ತಂದಿದೆ. ಗ್ರಾಹಕರು ಕೇಳಿದರೆ ಅವರ ಭಾಷೆಯಲ್ಲೂ ಕೊಡಬೇಕು. ಕನ್ನಡದಲ್ಲಿ ಬೇಕು ಅಂತ ಇಮೇಲ್ ಹಾಕಿ, ಸಂಕೋಚ ಬೇಡ. ಅದರಲ್ಲಿ ಹುಡುಕಬೇಕಾದದ್ದು ಹೀಗಿದೆ.

ಕೋ-ಪೇ: ಕಂಪನಿ ಒಪ್ಪಿಕೊಂಡ ಮೊತ್ತದಲ್ಲಿ ಇಷ್ಟು ಶೇಕಡಾ ನಿಮ್ಮದು. ಹಿರಿಯ ನಾಗರಿಕರ ಪಾಲಿಸಿಗಳಲ್ಲಿ, ಆಫೀಸಿನ ಗುಂಪು ಪಾಲಿಸಿಯಲ್ಲಿ ಅಪ್ಪ ಅಮ್ಮನನ್ನು ಸೇರಿಸಿದಾಗ, 10 ಅಥವಾ 20 ಶೇಕಡಾ ಇರುವುದು ಮಾಮೂಲಿ. 2020ರ ಏಪ್ರಿಲ್‌ನಲ್ಲಿ ಬಂದ, ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರುವ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಅದು 5 ಶೇಕಡಾ.

ಡಿಡಕ್ಟಿಬಲ್: ಮೊದಲ ಇಷ್ಟು ರೂಪಾಯಿ ನಿಮ್ಮದು, ಅದರ ಮೇಲಿನದ್ದು ಮಾತ್ರ ಕಂಪನಿಯದ್ದು.

ಸಬ್-ಲಿಮಿಟ್: ಇಂಥ ಕಾಯಿಲೆಗೆ ಅಥವಾ ಇಂಥ ಚಿಕಿತ್ಸೆಗೆ ಇಷ್ಟೇ. ಆರೋಗ್ಯ ಸಂಜೀವನಿಯಲ್ಲಿ ಕಣ್ಣಿನ ಪೊರೆ ಆಪರೇಷನ್‌ಗೆ ಒಂದು ಕಣ್ಣಿಗೆ 40,000 ರೂಪಾಯಿ ಅಥವಾ ಪಾಲಿಸಿ ಮೊತ್ತದ ಕಾಲು ಭಾಗ, ಯಾವುದು ಕಡಿಮೆಯೋ ಅದು. ಔಷಧಿ, ಲೆನ್ಸ್ ಎಲ್ಲ ಅದರೊಳಗೇ.

ರೂಮ್ ಬಾಡಿಗೆಯ ಮಿತಿ: ಔಷಧಿಗೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇರಬಾರದು, ಆದರೂ ಎಷ್ಟೋ ಬಿಲ್ಲುಗಳಲ್ಲಿ ಸಂಬಂಧ ಕಟ್ಟಿರುತ್ತಾರೆ. ಅದನ್ನು ಮುಂದಿನ ಲೆಕ್ಕದಲ್ಲಿ ನೋಡೋಣ.

ಇನ್ನು ವೇಟಿಂಗ್ ಪೀರಿಯಡ್. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಿಸಬಹುದು. 2024ರ ಏಪ್ರಿಲ್‌ಗೆ ಮುಂಚೆ ಇದು 48 ಇತ್ತು. ಆ ಅವಧಿಯಲ್ಲಿ ಆ ಕಾಯಿಲೆಯ ಔಷಧಿಗೆ ಕೋ-ಪೇ ಲೆಕ್ಕವೇ ಬೇಡ, ಪೂರ್ತಿ ನಿಮ್ಮದೇ.

ಊರಿನ ವಿಳಾಸ, ಮುಂಬಯಿ ಆಸ್ಪತ್ರೆ

ಇದನ್ನು ಬೇರೆಯಾಗಿಯೇ ಬರೆಯುತ್ತೇನೆ. ನಮ್ಮವರಷ್ಟು ಇದರಲ್ಲಿ ಸಿಕ್ಕಿಹಾಕಿಕೊಳ್ಳುವವರು ಬೇರೆ ಯಾರೂ ಇರಲಿಕ್ಕಿಲ್ಲ.

ತುಂಬಾ ಕಂಪನಿಗಳು ದೇಶವನ್ನು ಜೋನ್‌ಗಳಾಗಿ ಹಂಚಿಕೊಂಡಿವೆ. ಮುಂಬಯಿ ಸಾಮಾನ್ಯವಾಗಿ ಅತಿ ದುಬಾರಿ ಜೋನ್. ಊರ ಕಡೆಯ ಸಣ್ಣ ಪೇಟೆಗಳು ಅಗ್ಗದ ಜೋನ್‌ಗೆ ಬರುತ್ತವೆ. ಪುಣೆ, ಗೋವಾ ಎಲ್ಲಿ ಬರುತ್ತವೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಅಗ್ಗದ ಜೋನ್‌ನ ಪ್ರೀಮಿಯಂ ಕಟ್ಟಿ ದುಬಾರಿ ಜೋನ್‌ನಲ್ಲಿ ಚಿಕಿತ್ಸೆ ಪಡೆದರೆ 10 ಅಥವಾ 20 ಶೇಕಡಾ ಕೋ-ಪೇ ಹಾಕುವ ಪಾಲಿಸಿಗಳಿವೆ. ಪಾಲಿಸಿಯ ಮೊದಲ ಪುಟದಲ್ಲಿ ಕೋ-ಪೇ ಇಲ್ಲ ಎಂದೇ ಇರುತ್ತದೆ. ಜೋನ್‌ನ ಷರತ್ತು ಒಳಗೆಲ್ಲೋ ಕೂತಿರುತ್ತದೆ.

ಅಂಧೇರಿಯ ಹೋಟೆಲ್ ಒಂದರಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುವ ಹುಡುಗ ವಿಮಾ ಕಂಪನಿಯ ಅಪ್ರೂವಲ್ ಲೆಟರಿನ ಫೋಟೋ ಕಳಿಸಿ ಫೋನ್ ಮಾಡಿದ್ದ.

"ಅಣ್ಣಾ, ಅಮ್ಮನ ಪಾಲಿಸಿಗೆ ಕೋ-ಪೇ ಇಲ್ಲ ಅಂತ ಏಜೆಂಟ್ ಹೇಳಿದ್ದ. ಇಲ್ಲಿ 20 ಪರ್ಸೆಂಟ್ ಹಿಡಿದಿದ್ದಾರಲ್ಲ?"

"ಪಾಲಿಸಿಯಲ್ಲಿ ವಿಳಾಸ ಎಲ್ಲಿಯದ್ದು?"

"ಕುಂದಾಪುರದ್ದೇ. ಮನೆ ಅಲ್ಲೇ ಅಲ್ವಾ?"

ಆ ಕಂಪನಿಯ ಜೋನ್ ಪಟ್ಟಿ ತೆಗೆದು ನೋಡಿದರೆ ವಿಷಯ ಅಷ್ಟೇ ಇತ್ತು. ಅಮ್ಮ ಊರಲ್ಲೇ ಇರುವುದು ನಿಜ, ವಿಳಾಸದಲ್ಲಿ ಸುಳ್ಳೇನೂ ಇಲ್ಲ. ಆದರೆ ದೊಡ್ಡ ಕಾಯಿಲೆ ಬಂದರೆ ಮಗ ಇರುವಲ್ಲಿಗೇ ಕರೆತರುತ್ತಾರೆ ಅನ್ನುವುದು ಮನೆಯವರಿಗೆಲ್ಲ ಮೊದಲೇ ಗೊತ್ತಿತ್ತು. ಅಂಥವರು ನವೀಕರಣದ ಸಮಯದಲ್ಲಿ ಮುಂಬಯಿ ಜೋನ್‌ನ ಪ್ರೀಮಿಯಂ ಎಷ್ಟು ಎಂದು ಕೇಳಿ, ವ್ಯತ್ಯಾಸ ಕಟ್ಟಿ ಜೋನ್ ಬದಲಿಸಿಕೊಳ್ಳುವುದು ಮೇಲು. ವರ್ಷಕ್ಕೆ ಎರಡು ಮೂರು ಸಾವಿರ ಉಳಿಸಲು ಹೋಗಿ ಎರಡು ಲಕ್ಷದ ಕ್ಲೇಮಿನಲ್ಲಿ 40,000 ಕಳೆದುಕೊಳ್ಳುವುದರಲ್ಲಿ ಜಾಣತನ ಇಲ್ಲ. ಊರಲ್ಲೇ, ಅಥವಾ ಮಣಿಪಾಲ, ಮಂಗಳೂರು, ಹುಬ್ಬಳ್ಳಿಯಲ್ಲೇ ಚಿಕಿತ್ಸೆ ಮಾಡಿಸುವವರಾದರೆ ಇದರ ಗೊಡವೆ ಬೇಡ. ಅಡ್ಮಿಟ್ ಆದ ಮೇಲೆ ಬದಲಿಸುತ್ತೇನೆ ಅಂದರೆ ಆಗುವುದಿಲ್ಲ.

3. ಒಂದು ಬಿಲ್ಲನ್ನು ಬಿಡಿಸಿ ನೋಡೋಣ

5 ಲಕ್ಷದ ಪಾಲಿಸಿ. ರೂಮ್ ಮಿತಿ ದಿನಕ್ಕೆ ಪಾಲಿಸಿ ಮೊತ್ತದ 1 ಶೇಕಡಾ, ಅಂದರೆ 5,000. ಕೋ-ಪೇ 20 ಶೇಕಡಾ. ಮಾವನವರು ನ್ಯುಮೋನಿಯಾಗೆ ಐದು ದಿನ ಅಡ್ಮಿಟ್. ಮನೆಯವರು ದಿನಕ್ಕೆ 8,000ದ ರೂಮ್ ತೆಗೆದುಕೊಂಡರು. ಬಿಲ್ಲು ಹೀಗೆ ಬಂತು ಅಂದುಕೊಳ್ಳಿ:

ರೂಮ್, 5 ದಿನ: 40,000
ಡಾಕ್ಟರ್ ವಿಸಿಟ್ ಮತ್ತು ರೂಮಿನ ದರ್ಜೆಗೆ ತಕ್ಕಂತೆ ಏರುವ ಚಾರ್ಜುಗಳು: 32,000
ರಕ್ತಪರೀಕ್ಷೆ, ಎಕ್ಸ್‌ರೇ, ಸಿಟಿ ಸ್ಕ್ಯಾನ್: 24,000
ಔಷಧಿ: 46,000
ಗ್ಲೌಸ್, ಮಾಸ್ಕ್, ನೆಬ್ಯುಲೈಸೇಷನ್ ಕಿಟ್ ಇತ್ಯಾದಿ: 6,000
ಮೆಡಿಕಲ್ ರೆಕಾರ್ಡ್, ಸರ್ಟಿಫಿಕೇಟ್, ಅಟೆಂಡೆಂಟ್: 2,000
ಒಟ್ಟು: 1,50,000

ಕೊನೆಯ ಎರಡು ಸಾಲಿನ 8,000 ಮೊದಲೇ ಹೊರಗೆ. ಐಆರ್‌ಡಿಎಐ ನಿಯಮದಲ್ಲಿ ಇಂಥ 68 ವಸ್ತುಗಳ ಪಟ್ಟಿಯೇ ಇದೆ. ಅಪ್ರೂವಲ್ ಲೆಟರಿನಲ್ಲಿ ಇದು ನಾನ್-ಮೆಡಿಕಲ್ ಅನ್ನುವ ಹೆಸರಿನಲ್ಲಿ ಬರುತ್ತದೆ. ರೋಗಿಗೆ ಹಾಕಿದ ಆಕ್ಸಿಜನ್ ಮಾಸ್ಕ್ ಮೆಡಿಕಲ್ ಅಲ್ಲದೆ ಇನ್ನೇನು ಎಂದು ನೀವು ಕೇಳಬಹುದು. ನನಗೂ ಅದು ಒಪ್ಪಿಗೆಯಿಲ್ಲ, ಆದರೆ ಪಟ್ಟಿಯಲ್ಲಿ ಅದೂ ಇದೆ. ಡಯಾಪರ್, ಕ್ರೇಪ್ ಬ್ಯಾಂಡೇಜ್, ಥರ್ಮಾಮೀಟರ್, ಇಸಿಜಿ ಎಲೆಕ್ಟ್ರೋಡ್, ಸೊಂಟದ ಬೆಲ್ಟ್, ಶುಗರ್-ಫ್ರೀ ಮಾತ್ರೆ ಎಲ್ಲ ಅದರಲ್ಲೇ. ಕನ್ಸ್ಯೂಮಬಲ್ಸ್ (ಬಳಸಿ ಬಿಸಾಡುವ ವಸ್ತುಗಳು) ರೈಡರ್, ಅಂದರೆ ಹೆಚ್ಚುವರಿ ಕವರ್, ತೆಗೆದುಕೊಂಡಿದ್ದರೆ ಇದರಲ್ಲಿ ಬಹುಪಾಲು ವಾಪಸ್ ಬರುತ್ತದೆ.

ರೂಮಿಗೆ 5,000ದ ಲೆಕ್ಕದಲ್ಲಿ 25,000 ಒಪ್ಪುತ್ತಾರೆ, 15,000 ನಿಮ್ಮ ಮೇಲೆ. ಕಡಿತ ಇಲ್ಲಿಗೇ ನಿಲ್ಲುವುದಿಲ್ಲ. 8,000ದಲ್ಲಿ 5,000 ಅಂದರೆ 62.5 ಶೇಕಡಾ. ರೂಮಿನ ಜೊತೆ ಏರುವ ಚಾರ್ಜುಗಳನ್ನೂ ಅದೇ ಪ್ರಮಾಣಕ್ಕೆ ಇಳಿಸುತ್ತಾರೆ. 32,000 ಇದ್ದಿದ್ದು 20,000 ಆಗುತ್ತದೆ.

ಈಗ ಔಷಧಿಗೆ ಬನ್ನಿ. 2020ರ ಜೂನ್‌ನಲ್ಲಿ ಐಆರ್‌ಡಿಎಐ ಸ್ಪಷ್ಟವಾಗಿ ಹೇಳಿದೆ: ಔಷಧಿ ಮತ್ತು ಕನ್ಸ್ಯೂಮಬಲ್ಸ್, ಇಂಪ್ಲಾಂಟ್ ಮತ್ತು ವೈದ್ಯಕೀಯ ಸಾಧನಗಳು, ಟೆಸ್ಟುಗಳು, ಇವುಗಳ ಮೇಲೆ ರೂಮಿನ ಪ್ರಮಾಣದ ಕಡಿತ ಹಾಕುವಂತಿಲ್ಲ. ಐಸಿಯು ಚಾರ್ಜಿಗೂ ಇಲ್ಲ. ರೂಮ್ ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಯಲ್ಲಂತೂ ಈ ಕಡಿತವೇ ಇಲ್ಲ. ಹಾಗಾಗಿ ಔಷಧಿಯ 46,000, ಟೆಸ್ಟಿನ 24,000 ಪೂರ್ತಿ ಲೆಕ್ಕಕ್ಕೆ ಬರಬೇಕು.

ಒಪ್ಪಿದ ಮೊತ್ತ 25,000 + 20,000 + 24,000 + 46,000, ಒಟ್ಟು 1,15,000. ಅದರ ಮೇಲೆ 20 ಶೇಕಡಾ ಕೋ-ಪೇ 23,000. ಕಂಪನಿ ಕೊಡುವುದು 92,000. ನಿಮ್ಮ ಕೈಯಿಂದ 58,000.

5,000ದ ರೂಮನ್ನೇ ತೆಗೆದುಕೊಂಡಿದ್ದರೆ? ಡಾಕ್ಟರ್ ವಿಸಿಟ್ ವಗೈರೆ ಅದೇ ಪ್ರಮಾಣದಲ್ಲಿ ಇಳಿದು 20,000 ಆಗಿತ್ತು ಅಂದುಕೊಂಡರೆ, ಒಟ್ಟು ಬಿಲ್ಲು 1,23,000. ನಿಮ್ಮ ಪಾಲು 8,000 ಮತ್ತು 23,000 ಸೇರಿ 31,000. ಔಷಧಿ ಅದೇ, ಡಾಕ್ಟರು ಅದೇ, 27,000 ಉಳಿತಾಯ.

ಇದೇ ಬಿಲ್ಲಿನಲ್ಲಿ ಔಷಧಿಗೂ ಟೆಸ್ಟಿಗೂ 62.5 ಶೇಕಡಾಕ್ಕೆ ಇಳಿಸುವ ಕತ್ತರಿ ತಪ್ಪಾಗಿ ಹಾಕಿದರೆ ಏನಾಗುತ್ತದೆ ನೋಡಿ. ಔಷಧಿಯಲ್ಲಿ 17,250, ಟೆಸ್ಟಿನಲ್ಲಿ 9,000 ಕಡಿತ. ಕೋ-ಪೇ ಕಳೆದರೂ ನಿಮಗೆ ಬರಬೇಕಾಗಿದ್ದ 21,000 ಹೋಯಿತು. ಅಪ್ರೂವಲ್ ಲೆಟರಿನಲ್ಲಿ ಔಷಧಿ ಸಾಲಿನ ಎದುರು ಕಡಿತದ ಅಂಕಿ ಕಂಡರೆ ಕಾರಣದ ಕಾಲಂ ಓದಿ. ಅಲ್ಲಿ ಪ್ರೊಪೋರ್ಷನೇಟ್ ಅನ್ನುವ ಪದ ಇದ್ದರೆ ಸಹಿ ಹಾಕುವ ಮೊದಲೇ ಆಸ್ಪತ್ರೆಯ ಟಿಪಿಎ ಡೆಸ್ಕಿಗೆ (ವಿಮೆ ಕ್ಲೇಮ್ ನೋಡಿಕೊಳ್ಳುವ ಕೌಂಟರ್) ಹೋಗಿ ವಾದಿಸಿ.

ಕೋ-ಪೇ ಹಾಕಬೇಕಾದದ್ದು ಒಪ್ಪಿದ ಮೊತ್ತದ ಮೇಲೆ, ಒಟ್ಟು ಬಿಲ್ಲಿನ ಮೇಲೆ ಅಲ್ಲ. ಇದನ್ನೂ ಕ್ಯಾಲ್ಕುಲೇಟರ್ ಹಿಡಿದು ನೋಡಿಬಿಡಿ.

4. ಆಸ್ಪತ್ರೆಯಲ್ಲಿ ಇರುವಾಗ

ಅಡ್ಮಿಷನ್ ಕೌಂಟರಿನಲ್ಲಿ ಯಾವ ರೂಮ್ ಬೇಕು ಎಂದು ಕೇಳುವ ಮುಂಚೆ ನಿಮ್ಮ ಮಿತಿ ಎಷ್ಟು ಎಂದು ನಿಮಗೆ ಗೊತ್ತಿರಬೇಕು. ಆಮೇಲೆ, ಪ್ಯಾಕೇಜ್ ಇದೆಯೇ ಎಂದು ಕೇಳಿ. ಸರ್ಕಾರಿ ವಿಮಾ ಕಂಪನಿಗಳು ಮುಂಬಯಿ, ಪುಣೆಯ ಎಷ್ಟೋ ಆಸ್ಪತ್ರೆಗಳ ಜೊತೆ ಪ್ಯಾಕೇಜ್ ದರ ಮಾಡಿಕೊಂಡಿರುತ್ತವೆ. ಆ ಪ್ಯಾಕೇಜಿನಲ್ಲಿ ಔಷಧಿ ಸೇರಿದ್ದರೆ ಅದಕ್ಕೆಂದು ಬೇರೆ ಹಣ ಕೇಳಿದಾಗ ಕೊಡಬೇಕಾಗಿಲ್ಲ.

ಕ್ಯಾಶ್‌ಲೆಸ್ ಅಲ್ವಾ, ಔಷಧಿ ಬಿಲ್ಲು ಎಷ್ಟಾದರೆ ನಮಗೇನು ಎಂದು ಸುಮ್ನೆ ಇರುವವರು ಬಹಳ. 20 ಶೇಕಡಾ ಕೋ-ಪೇ ಇದ್ದರೆ ಪ್ರತಿ ನೂರರಲ್ಲಿ ಇಪ್ಪತ್ತು ನಿಮ್ಮದೇ. ಕೋ-ಪೇ ಇಲ್ಲದಿದ್ದರೂ ವರ್ಷದ 5 ಲಕ್ಷದಲ್ಲಿ ಅಷ್ಟು ಕರಗುತ್ತದೆ. 2018ರಲ್ಲಿ ಔಷಧಿ ಬೆಲೆ ಪ್ರಾಧಿಕಾರ ಎನ್‌ಪಿಪಿಎ ದಿಲ್ಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ತೆಗೆದು ನೋಡಿದಾಗ ಕೆಲವು ವಸ್ತುಗಳ ಮೇಲೆ 1,737 ಶೇಕಡಾದವರೆಗೆ ಲಾಭ ಇಟ್ಟಿದ್ದು ಕಂಡಿತ್ತು. ಅದೂ ಎಂಆರ್‌ಪಿ ಮೀರದೆ! ಎಂಆರ್‌ಪಿಯನ್ನೇ ಅಷ್ಟು ಎತ್ತರಕ್ಕೆ ಮುದ್ರಿಸಿದ್ದರೆ ಮೀರುವ ಅಗತ್ಯವೇ ಬರುವುದಿಲ್ಲ.

ಔಷಧಿಯನ್ನು ಆಸ್ಪತ್ರೆಯ ಮೆಡಿಕಲ್‌ನಲ್ಲೇ ಕೊಳ್ಳಬೇಕು ಎಂದೇನಿಲ್ಲ. ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಔಷಧಿ ಎಲ್ಲಿಂದ ಕೊಳ್ಳಬೇಕು ಅನ್ನುವ ಆಯ್ಕೆ ರೋಗಿಯದ್ದು ಎಂದಿದೆ. ಮಹಾರಾಷ್ಟ್ರದಲ್ಲಿ 2021ರ ನರ್ಸಿಂಗ್ ಹೋಮ್ ನಿಯಮಗಳ ಪ್ರಕಾರ ರೋಗಿಗಳ ಹಕ್ಕುಗಳ ಪಟ್ಟಿಯನ್ನು ಆಸ್ಪತ್ರೆಗಳು ಗೋಡೆಗೆ ಹಾಕಬೇಕು. ಆದರೆ ನನ್ನ ಮಾತು ಕೇಳಿದರೆ, ಕ್ಯಾಶ್‌ಲೆಸ್ ನಡೆಯುತ್ತಿರುವಾಗ ನೂರಿನ್ನೂರು ರೂಪಾಯಿಯ ಔಷಧಿಗೆಲ್ಲ ಹೊರಗೆ ಓಡಬೇಡಿ. ಹೊರಗಿನ ಬಿಲ್ಲು ಕ್ಯಾಶ್‌ಲೆಸ್‌ನಲ್ಲಿ ಸೇರುವುದಿಲ್ಲ, ಆಮೇಲೆ ಬೇರೆಯಾಗಿ ಕ್ಲೇಮ್ ಮಾಡಬೇಕು. ಹತ್ತು ಸಾವಿರ ಮೀರುವ ಇಂಜೆಕ್ಷನ್ ಆದರೆ ವಿಚಾರ ಬೇರೆ. ಡಾಕ್ಟರ ಚೀಟಿ, ಬಿಲ್ಲಿನಲ್ಲಿ ಬ್ಯಾಚ್ ನಂಬರ್, ರೋಗಿಯ ಹೆಸರು ಇವೆಲ್ಲ ಇಟ್ಟುಕೊಂಡು ಹೊರಗೆ ಬೆಲೆ ವಿಚಾರಿಸಿ. ಮರೀನ್ ಲೈನ್ಸ್ ಹತ್ತಿರದ ಪ್ರಿನ್ಸೆಸ್ ಸ್ಟ್ರೀಟ್ ಮುಂಬಯಿಯ ಹಳೆಯ ಔಷಧಿ ಸಗಟು ಪೇಟೆ. ಫ್ರಿಜ್‌ನಲ್ಲಿಡಬೇಕಾದ ಇಂಜೆಕ್ಷನ್ ಆದರೆ ಐಸ್ ಪ್ಯಾಕ್ ಕೊಡುವ ಅಂಗಡಿಯಿಂದಲೇ ತನ್ನಿ.

ಡಿಸ್ಚಾರ್ಜ್ ದಿನ ಎಲ್ಲರೂ ಮರೆಯುವುದು ಔಷಧಿ ವಾಪಸಾತಿ. ಹತ್ತು ಇಂಜೆಕ್ಷನ್ ತರಿಸಿ ಏಳು ಕೊಟ್ಟಿದ್ದರೆ ಮೂರು ವಾಪಸ್ ಹೋಗಬೇಕು, ಬಿಲ್ಲಿನಲ್ಲಿ ಕಳೆಯಬೇಕು. ನರ್ಸ್ ಸ್ಟೇಷನ್‌ನಲ್ಲಿ ನಿಮ್ಮ ರೋಗಿಯ ಹೆಸರಿನ ಡಬ್ಬಿ ಇರುತ್ತದೆ. ಅದರೊಳಗೆ ಏನು ಉಳಿದಿದೆ ಎಂದು ನೋಡಿ, ಫಾರ್ಮಸಿಯ ರಿಟರ್ನ್ ಚೀಟಿ ಕೇಳಿ, ಆಮೇಲೆ ಫೈನಲ್ ಬಿಲ್ಲು ಮಾಡಲು ಹೇಳಿ. ಫೈನಲ್ ಬಿಲ್ಲು ವಿಮಾ ಕಂಪನಿಗೆ ಹೋದ ಮೇಲೆ 3 ಗಂಟೆಯೊಳಗೆ ಒಪ್ಪಿಗೆ ಬರಬೇಕು ಎಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಆ ಮೂರು ಗಂಟೆ ಶುರುವಾಗುವ ಮುಂಚೆ ಈ ಕೆಲಸ ಮುಗಿದಿರಲಿ.

5. ಮನೆಗೆ ಬಂದ ಮೇಲಿನ ಔಷಧಿ

ಡಿಸ್ಚಾರ್ಜ್ ಸಮರಿಯಲ್ಲಿ ಬರೆದ ಔಷಧಿಯೇ ಇಲ್ಲಿ ಆಧಾರ. ಎಷ್ಟು ದಿನ ಎಂದು ಅದರಲ್ಲಿ ಬರೆಸಿ. 'ಐದು ದಿನ, ನಂತರ ತೋರಿಸಿ' ಎಂದಿದ್ದರೆ ಆರನೇ ದಿನದ ಬಿಲ್ಲಿಗೆ ಹೊಸ ಚೀಟಿ ಬೇಕು. ಕೋ-ಪೇ ಇಲ್ಲೂ ಇದೆ: ಎರಡು ತಿಂಗಳಲ್ಲಿ 9,000ದ ಔಷಧಿ ಕೊಂಡರೆ, 20 ಶೇಕಡಾ ಕಳೆದು 7,200 ಬರುತ್ತದೆ.

ಕ್ಯಾಶ್‌ಲೆಸ್ ಆಗಿದೆ, ಎಲ್ಲ ಮುಗಿಯಿತು ಅಂದುಕೊಂಡು ಈ ಹಣವನ್ನು ಕೇಳದೇ ಬಿಡುವವರೇ ಜಾಸ್ತಿ. ಅಡ್ಮಿಟ್ ಆಗುವ ಮುಂಚಿನ ಬಿಲ್ಲುಗಳನ್ನು ಸಾಮಾನ್ಯವಾಗಿ ಡಿಸ್ಚಾರ್ಜ್ ಆದ 30 ದಿನದೊಳಗೆ ಕೊಡಬೇಕು. ನಂತರದ ಬಿಲ್ಲುಗಳನ್ನು ಆ ಚಿಕಿತ್ಸೆ ಮುಗಿದ 15 ದಿನದೊಳಗೆ. ನಿಮ್ಮ ಪಾಲಿಸಿಯ ಗಡುವು ಒಮ್ಮೆ ನೋಡಿಕೊಳ್ಳಿ.

ಎರಡು ಪಾಲಿಸಿ ಇದ್ದರೆ, ಆಫೀಸಿನದ್ದೊಂದು, ಸ್ವಂತದ್ದೊಂದು, ಮೊದಲನೆಯದರಲ್ಲಿ ಕೋ-ಪೇ ಅಂತ ಹಿಡಿದ ಹಣವನ್ನು ಎರಡನೆಯದರಲ್ಲಿ ಕೇಳಬಹುದು. ಮೊದಲ ಕಂಪನಿಯ ಸೆಟಲ್‌ಮೆಂಟ್ ಲೆಟರ್ ಮತ್ತು ಬಿಲ್ಲುಗಳ ದೃಢೀಕರಿಸಿದ ಪ್ರತಿ ಬೇಕು.

6. ಕ್ಯಾನ್ಸರ್, ಕಣ್ಣಿನ ಇಂಜೆಕ್ಷನ್‌ನಂಥ ದುಬಾರಿ ಔಷಧಿ

ಪರೇಲ್‌ನ ಟಾಟಾ ಆಸ್ಪತ್ರೆಗೆ ಕರ್ನಾಟಕದಿಂದ ಬರುವವರಿಗೆ ಕೊರತೆಯಿಲ್ಲ. ಊರಿನವರಿಗೆ ಮೊದಲು ನೆನಪಾಗುವುದು ಮುಂಬಯಿಯ ನಾವೇ. ಅವರ ಪಾಲಿಸಿಯಲ್ಲಿ ಎರಡು ವಿಷಯ ನೋಡಿಕೊಡಿ.

ಡ್ರಿಪ್‌ನಲ್ಲಿ ಹಾಕುವ ಕೀಮೋಗೆ 24 ಗಂಟೆ ಅಡ್ಮಿಟ್ ಆಗಬೇಕಿಲ್ಲ, ಡೇ-ಕೇರ್‌ನಲ್ಲಿ ಬರುತ್ತದೆ. ಆದರೆ ನುಂಗುವ ಕೀಮೋ, ಮೊನೊಕ್ಲೋನಲ್ ಆಂಟಿಬಾಡಿ ಇಂಜೆಕ್ಷನ್, ಶುಗರ್ ಇರುವವರಿಗೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್, ಇವು ಆಧುನಿಕ ಚಿಕಿತ್ಸೆಗಳು ಅನ್ನುವ 12ರ ಪಟ್ಟಿಯಲ್ಲಿವೆ. ಕಂಪನಿ ಇವನ್ನು ಪೂರ್ತಿ ಹೊರಗಿಡುವಂತಿಲ್ಲ, ಆದರೆ ಸಬ್-ಲಿಮಿಟ್ ಹಾಕಬಹುದು. ಆರೋಗ್ಯ ಸಂಜೀವನಿಯಲ್ಲಿ ಪಾಲಿಸಿ ಮೊತ್ತದ ಅರ್ಧ. 5 ಲಕ್ಷದ ಪಾಲಿಸಿ ಈ ಔಷಧಿಗಳಿಗೆ ಎರಡೂವರೆ ಲಕ್ಷದ್ದೇ ಅಂದಂತಾಯಿತು.

ಎರಡನೆಯದು ಡಿಡಕ್ಟಿಬಲ್. 3 ಲಕ್ಷದ ಡಿಡಕ್ಟಿಬಲ್ ಇರುವ ಟಾಪ್-ಅಪ್ (ಆ ಮೊತ್ತದ ಮೇಲಿನ ಖರ್ಚಿಗೆಂದು ತೆಗೆದುಕೊಳ್ಳುವ ಪಾಲಿಸಿ) ಇದೆ ಅಂದುಕೊಳ್ಳಿ, ಆರು ಸಲ ಕೀಮೋ, ಸಲಕ್ಕೆ 90,000, ಒಟ್ಟು 5,40,000. ಸಾದಾ ಟಾಪ್-ಅಪ್ ಪ್ರತಿ ಕ್ಲೇಮನ್ನು ಬೇರೆ ಬೇರೆ ನೋಡುತ್ತದೆ. ಯಾವ ಬಿಲ್ಲೂ 3 ಲಕ್ಷ ದಾಟಲಿಲ್ಲ, ಹಾಗಾಗಿ ಸೊನ್ನೆ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸುತ್ತದೆ, 2,40,000 ಕೊಡುತ್ತದೆ. ಪ್ರೀಮಿಯಂನಲ್ಲಿ ಸ್ವಲ್ಪ ಕಡಿಮೆ ಎಂದು ಸಾದಾ ಟಾಪ್-ಅಪ್ ಮಾರುವ ಏಜೆಂಟರನ್ನು ನಾನಂತೂ ನಂಬುವುದಿಲ್ಲ. ಡಯಾಲಿಸಿಸ್, ಕೀಮೋ ತರಹ ಸಣ್ಣ ಸಣ್ಣ ಬಿಲ್ಲುಗಳು ವರ್ಷವಿಡೀ ಬರುವ ಕಾಯಿಲೆಗೆ ಅದು ಯಾವ ಉಪಯೋಗಕ್ಕೂ ಇಲ್ಲ.

7. ತಿಂಗಳ ಮಾತ್ರೆಗಳು

ನಾಲ್ಕನೇ ಗುಡ್ಡೆಗೆ ಒಪಿಡಿ (ಅಡ್ಮಿಟ್ ಆಗದೆ ಪಡೆಯುವ ಚಿಕಿತ್ಸೆ) ಕವರ್ ಇರುವ ಪಾಲಿಸಿ ಸಿಗುತ್ತದೆ. ಪ್ರೀಮಿಯಂ ಎಷ್ಟು ಏರುತ್ತದೆ, ವರ್ಷಕ್ಕೆ ಔಷಧಿಗೆ ಎಷ್ಟರವರೆಗೆ ಕೊಡುತ್ತಾರೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ತುಂಬಾ ಸಲ ನಿಮ್ಮ ದುಡ್ಡನ್ನೇ ನಿಮಗೆ ವಾಪಸ್ ಕೊಟ್ಟ ಹಾಗಿರುತ್ತದೆ.

ಹೋಟೆಲ್, ಅಂಗಡಿ, ಕಾರ್ಖಾನೆಯಲ್ಲಿ ದುಡಿಯುವವರು ಸಂಬಳದ ಚೀಟಿಯಲ್ಲಿ ಇಎಸ್‌ಐ ಅಂತ 0.75 ಶೇಕಡಾ ಹಿಡಿದಿದ್ದಾರಾ ನೋಡಿ. ತಿಂಗಳಿಗೆ 21,000ದವರೆಗಿನ ಸಂಬಳದವರಿಗೆ ಇದು. ಅದರಲ್ಲಿ ಕೋ-ಪೇ ಇಲ್ಲ, ತಿಂಗಳ ಮಾತ್ರೆಯೂ ಡಿಸ್ಪೆನ್ಸರಿಯಿಂದ ಪುಕ್ಕಟೆ, ಮನೆಯವರಿಗೂ ಸಿಗುತ್ತದೆ. ಸಾಲಿನಲ್ಲಿ ನಿಲ್ಲಬೇಕು ಅನ್ನುವ ಕಾರಣಕ್ಕೆ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಮೆಡಿಕಲ್‌ಗೆ ತಿಂಗಳಿಗೆ ಎರಡು ಸಾವಿರ ಕೊಡುವ ಕುಟುಂಬಗಳಿವೆ. ಬ್ಯಾಂಕ್ ನಿವೃತ್ತರು ತಮ್ಮ ಗುಂಪು ಪಾಲಿಸಿಯಲ್ಲಿ ಡೊಮಿಸಿಲಿಯರಿ, ಅಂದರೆ ಮನೆಯಲ್ಲೇ ತೆಗೆದುಕೊಳ್ಳುವ ಔಷಧಿಯ ಆಯ್ಕೆ ಇದೆಯೇ ಎಂದು ಈ ವರ್ಷದ ಸುತ್ತೋಲೆಯಲ್ಲಿ ನೋಡಲಿ.

ಇದ್ಯಾವುದೂ ಇಲ್ಲದವರು ಬೆಲೆಯನ್ನೇ ಇಳಿಸಬೇಕು. ಜನೌಷಧಿ ಕೇಂದ್ರಗಳಲ್ಲಿ ಬ್ರಾಂಡ್‌ಗಿಂತ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತದೆ. ಹತ್ತಿರದ ಕೇಂದ್ರ ಎಲ್ಲಿದೆ, ಔಷಧಿಯ ಬೆಲೆ ಎಷ್ಟು ಎಂದು ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಕಾಣುತ್ತದೆ. ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ಅದೇ ಔಷಧಿಯ ಬೇರೆ ಬ್ರಾಂಡ್‌ಗಳ ಬೆಲೆ ಹೋಲಿಸಬಹುದು. ಥೈರಾಯ್ಡ್, ಫಿಟ್ಸ್, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಮಾತ್ರ ಡಾಕ್ಟರಿಗೆ ಹೇಳದೆ ಬದಲಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ. ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ 18 ಶೇಕಡಾ ಪೂರ್ತಿ ಹೋಗಿದೆ.

8. ಸರ್ಕಾರಿ ಯೋಜನೆಗಳು, ಚುಟುಕಾಗಿ

ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಈಗ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಇಲ್ಲಿನ ರೇಷನ್ ಕಾರ್ಡ್ ಅಥವಾ ವಾಸದ ದಾಖಲೆ ಬೇಕು. ನಲವತ್ತು ವರ್ಷದಿಂದ ಇಲ್ಲೇ ಇದ್ದು ರೇಷನ್ ಕಾರ್ಡನ್ನು ಊರಲ್ಲೇ ಇಟ್ಟುಕೊಂಡವರು ಇಲ್ಲಿ ಎಡವುತ್ತಾರೆ. ಸಹಾಯವಾಣಿ 155388. 70 ದಾಟಿದವರಿಗೆ ಆದಾಯ ಎಷ್ಟೇ ಇದ್ದರೂ ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ, ಖಾಸಗಿ ವಿಮೆ ಇದ್ದರೂ ಅಡ್ಡಿಯಿಲ್ಲ. 2024ರ ಅಕ್ಟೋಬರ್‌ನಿಂದ ಇದು ಜಾರಿಯಲ್ಲಿದೆ. ಇದರಲ್ಲಿ ಡಿಸ್ಚಾರ್ಜ್ ನಂತರ 15 ದಿನದ ಔಷಧಿಯೂ ಸೇರಿದೆ. ಗೋವಾದಲ್ಲಿ ಐದು ವರ್ಷ ವಾಸವಿದ್ದವರಿಗೆ ದೀನ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ: ಮೂವರವರೆಗಿನ ಕುಟುಂಬಕ್ಕೆ 2.5 ಲಕ್ಷ, ಅದಕ್ಕಿಂತ ದೊಡ್ಡ ಕುಟುಂಬಕ್ಕೆ 4 ಲಕ್ಷ. ವಾಸ್ಕೊ, ಮಡಗಾಂವ್ ಕಡೆಯ ನಮ್ಮ ಉತ್ತರ ಕರ್ನಾಟಕದವರು ವಾಸದ ದಾಖಲೆಯನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

9. ತಪ್ಪಾಗಿ ಕಡಿದಿದ್ದರೆ

ಮೊದಲು ಕಂಪನಿಯ ಗ್ರೀವನ್ಸ್ (ದೂರು ನೋಡುವ) ಅಧಿಕಾರಿಗೆ ಇಮೇಲ್. ಉದ್ದುದ್ದ ಕಥೆ ಬೇಡ. "ಬಿಲ್ಲಿನ ಔಷಧಿ ಮೊತ್ತ 46,000. ನೀವು ಒಪ್ಪಿದ್ದು 28,750. ಕಾರಣ: ರೂಮ್ ಬಾಡಿಗೆಯ ಪ್ರಮಾಣದ ಕಡಿತ. ಔಷಧಿಗೆ ಈ ಕಡಿತ ಅನ್ವಯಿಸುವುದಿಲ್ಲ. ಕೋ-ಪೇ ಕಳೆದು ಬರಬೇಕಾದ ಬಾಕಿ 13,800." ಇಷ್ಟು ಸಾಲು ಸಾಕು. ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಿ, ಅಥವಾ 155255ಕ್ಕೆ ಫೋನ್ ಮಾಡಿ.

30 ದಿನ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳಿಗೆ ತೀರ್ಪು ಕೊಡುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮುಂಬಯಿ, ಪುಣೆ ಎರಡರಲ್ಲೂ ಕಚೇರಿ ಇದೆ, ಗೋವಾದವರದ್ದು ಪುಣೆ ಕಚೇರಿಗೆ ಬರುತ್ತದೆ. 50 ಲಕ್ಷದವರೆಗಿನ ದೂರು ತೆಗೆದುಕೊಳ್ಳುತ್ತಾರೆ. ಫೀಸು ಇಲ್ಲ. ವಕೀಲರನ್ನು ಕರೆದೊಯ್ಯಲು ಅವಕಾಶವೂ ಇಲ್ಲ, ನೀವೇ ಮಾತಾಡಬೇಕು. ಪಾಲಿಸಿ, ಐಟಂ ಐಟಂ ಬಿಡಿಸಿ ಬರೆದ ಬಿಲ್ಲು, ಡಿಸ್ಚಾರ್ಜ್ ಸಮರಿ, ಕಂಪನಿಯ ಸೆಟಲ್‌ಮೆಂಟ್ ಲೆಟರ್, ನಿಮ್ಮ ಇಮೇಲ್ ಮತ್ತು ಅದಕ್ಕೆ ಬಂದ ಉತ್ತರ, ಇವುಗಳ ಪ್ರತಿ ಇಟ್ಟುಕೊಳ್ಳಿ. ತೀರ್ಪು ನಿಮ್ಮ ಪರ ಬಂದರೆ ಕಂಪನಿ 30 ದಿನದಲ್ಲಿ ಹಣ ಕೊಡಬೇಕು. ತಡ ಮಾಡಿದರೆ ದಿನಕ್ಕೆ 5,000 ರೂಪಾಯಿಯಂತೆ ದಂಡ, ಅದೂ ದೂರು ಕೊಟ್ಟವರಿಗೇ ಸೇರುತ್ತದೆ.